ಮಕ್ಕಳನ್ನು ದುಶ್ಚಟದಿಂದ ದೂರವಿಡಲು ಮನೆಯವರು ಮಾಡಬೇಕಾದದ್ದು

ಮಗನ ಬಾಯಿಂದ ವಾಸನೆ ಬಂದ ದಿನವೇ ಹೆಚ್ಚಿನ ಮನೆಗಳಲ್ಲಿ ಚಟದ ಮಾತು ಮೊದಲ ಬಾರಿಗೆ ಹೊರಬರುತ್ತದೆ. ಅದು ಐದನೇ ತರಗತಿಯ ಹೊತ್ತಿಗೇ ಶುರುವಾಗಬೇಕಿತ್ತು. ಅಮೆರಿಕದ ಅಯೋವಾದಲ್ಲಿ 10ರಿಂದ 14 ವರ್ಷದ ಮಕ್ಕಳಿರುವ ಕುಟುಂಬಗಳಿಗೆಂದೇ ರೂಪಿಸಿದ ಕಾರ್ಯಕ್ರಮವೊಂದಿದೆ. ವಾರಕ್ಕೊಂದರಂತೆ ಏಳು ತರಗತಿಗಳು. ಪ್ರತಿಯೊಂದರಲ್ಲೂ ಮೊದಲ ಗಂಟೆ ಪೋಷಕರು ಒಂದು ಕೋಣೆಯಲ್ಲಿ, ಮಕ್ಕಳು ಇನ್ನೊಂದರಲ್ಲಿ ಕಲಿತು, ಎರಡನೆಯ ಗಂಟೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಅಕ್ಕರೆಯೂ ಇರಬೇಕು, ಕಟ್ಟುಪಾಡೂ ಇರಬೇಕು ಎಂಬುದು ಅದರ ತಿರುಳು. ನಮ್ಮ ಊರುಗಳಲ್ಲಿ ಅಂಥ ತರಗತಿ ಸಿಗುವುದು ಕಷ್ಟವಾದರೂ ವಾರಕ್ಕೊಮ್ಮೆ ರಾತ್ರಿ ಊಟವಾದ ಮೇಲೆ ಟಿವಿ ಆರಿಸಿ ಅರ್ಧ ಗಂಟೆ ಕೂರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಮೊದಲು ಹಿರಿಯರು ತಮ್ಮನ್ನು ನೋಡಿಕೊಳ್ಳಬೇಕು. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಹಾಗಿದ್ದೂ ಬೀಡಿ ತರಲು ಮಗನನ್ನೇ ಪೆಟ್ಟಿಗೆ ಅಂಗಡಿಗೆ ಕಳಿಸುವ ಅಪ್ಪಂದಿರಿದ್ದಾರೆ. ಹಾಗೆ ಕಳಿಸುವುದನ್ನು ಇಂದೇ ನಿಲ್ಲಿಸಬೇಕು. ಸೇದುವ ತಂದೆ ಕದ್ದು ಸೇದುವುದಕ್ಕಿಂತ, ‘ಬಿಡಬೇಕೆಂದು ಎಷ್ಟು ಸಲ ಹೊರಟರೂ ಆಗಿಲ್ಲ, ಅದಕ್ಕೇ ನೀನು ಶುರು ಮಾಡಬೇಡ ಅನ್ನುತ್ತಿದ್ದೇನೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳುವುದು ಮೇಲು.

ಮನೆಯ ನಿಯಮಗಳು ಮೂರೋ ನಾಲ್ಕೋ ಸಾಕು, ಆದರೆ ಅವನ್ನು ಮಕ್ಕಳನ್ನು ಕೂರಿಸಿಕೊಂಡೇ ಬರೆಯಬೇಕು: ಸಂಜೆ ಏಳರೊಳಗೆ ಮನೆ, ಮಲಗುವ ಮೊದಲು ಮೊಬೈಲ್ ಅಡುಗೆಮನೆಯ ಕಪಾಟಿನ ಮೇಲೆ, ತಂಬಾಕು ಮತ್ತು ಮದ್ಯ ಯಾವ ನೆಪದಲ್ಲೂ ಇಲ್ಲ. ತಪ್ಪಿದರೆ ಏನಾಗುತ್ತದೆಂಬುದೂ ಅಲ್ಲೇ ತೀರ್ಮಾನವಾಗಲಿ. ಶಿಕ್ಷೆ ಚಿಕ್ಕದಾಗಿದ್ದು ಅಂದೇ ಮುಗಿಯಬೇಕು. ತಿಂಗಳಿಡೀ ಕ್ರಿಕೆಟ್ ಬಂದ್ ಎಂದು ಸಿಟ್ಟಿನಲ್ಲಿ ಕೂಗಿ ಮೂರನೆಯ ದಿನ ಸುಮ್ಮನಾಗುವ ತಾಯ್ತಂದೆಯರ ಮಾತಿಗೆ ಮನೆಯಲ್ಲಿ ಬೆಲೆ ಉಳಿಯುವುದಿಲ್ಲ. ಅಪ್ಪ ಬೇಡವೆಂದ ಹಣವನ್ನು ಅಜ್ಜಿ ಸೆರಗಿನ ಗಂಟಿನಿಂದ ಬಿಚ್ಚಿ ಕೊಡುವ ಮನೆಯಲ್ಲಿ, ಮೊದಲು ಅಜ್ಜಿಯನ್ನೇ ಈ ಮಾತುಕತೆಗೆ ಕರೆಯಬೇಕಾಗುತ್ತದೆ.

ಎಲ್ಲಿಗೆ, ಯಾರೊಂದಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಎಂಬ ಮೂರು ಪ್ರಶ್ನೆಗಳನ್ನು ಮಗಳಿಗೂ ಮಗನಿಗೂ ಒಂದೇ ರೀತಿ ಕೇಳಿ. ಕದ್ದು ಮೊಬೈಲ್ ನೋಡುವುದು ನನಗೆ ಸರಿ ಕಾಣುವುದಿಲ್ಲ. ಸಿಕ್ಕಿಬಿದ್ದ ದಿನ ಮಕ್ಕಳು ತಾವಾಗಿ ಹೇಳುತ್ತಿದ್ದುದೂ ನಿಂತುಹೋಗುತ್ತದೆ. ಅದಕ್ಕಿಂತ ಗೆಳೆಯರನ್ನು ಮನೆಗೆ ಕರೆದು ಅವಲಕ್ಕಿ ಕೊಟ್ಟು ಮಾತನಾಡಿಸಿದರೆ ಹೆಚ್ಚು ತಿಳಿಯುತ್ತದೆ. ‘ಒಂದು ದಮ್ಮು ಎಳಿ, ಏನಾಗಲ್ಲ’ ಎಂದು ನೀವೇ ಗೆಳೆಯನಂತೆ ಒತ್ತಾಯಿಸಿ, ‘ಬೇಡ ಕಣೋ, ನಾಳೆ ಮ್ಯಾಚ್ ಇದೆ’ ಎಂದು ಮಗು ಜಾರಿಕೊಳ್ಳುವುದನ್ನು ಎರಡು ಮೂರು ಬಾರಿ ಆಡಿಸಿ. ನಗು ಬರುತ್ತದೆ, ಬರಲಿ.

ಒಗೆಯಲು ತೆಗೆದ ಪ್ಯಾಂಟಿನ ಜೇಬಿನಲ್ಲಿ ಪಾನ್ ಮಸಾಲೆಯದೊಂದು, ತಂಬಾಕಿನದೊಂದು ಖಾಲಿ ಪ್ಯಾಕೆಟ್ ಸಿಕ್ಕಿತೆನ್ನಿ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದರೂ ಹೀಗೆ ಬೇರೆ ಬೇರೆಯಾಗಿ ಕೊಂಡು ಬೆರೆಸಿಕೊಳ್ಳುವುದು ನಿಂತಿಲ್ಲ. ಅಂದು ರಾತ್ರಿ ಹೊಡೆಯಬೇಡಿ, ನೆಂಟರಿಗೆ ಫೋನ್ ಮಾಡಬೇಡಿ. ಮರುದಿನ ಒಬ್ಬನೇ ಇರುವಾಗ ಅವೆರಡನ್ನೂ ಮುಂದಿಟ್ಟು, ‘ಇದು ಜೇಬಿನಲ್ಲಿತ್ತು. ನನಗೆ ಭಯವಾಯಿತು. ಯಾವಾಗಿನಿಂದ?’ ಎಂದಷ್ಟೇ ಕೇಳಿ, ಅವನು ಬಾಯಿ ಬಿಡುವವರೆಗೂ ಸುಮ್ಮನಿರಿ. ಸಾರಿನ ಖಾರಕ್ಕೆ ಬಾಯಿ ಉರಿಯುತ್ತಿದ್ದರೆ, ಅಥವಾ ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸುವಷ್ಟು ಬಾಯಿ ತೆರೆಯಲಾಗದಿದ್ದರೆ, ಮಾತು ಮುಂದುವರಿಯುತ್ತಿರಲಿ, ಆದರೆ ದಂತವೈದ್ಯರಲ್ಲಿಗೆ ಆ ವಾರವೇ ಹೋಗಬೇಕು.

ಗಾಂಜಾ, ಮಾತ್ರೆ, ಮದ್ಯದವರೆಗೆ ಹೋಗಿದ್ದರೆ ಮನೆಮದ್ದು ಸಾಲದು. ಮಾನಸಿಕ ಆರೋಗ್ಯಕ್ಕೆಂದಿರುವ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಸನಮುಕ್ತಿಗೆ 14446 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಚಟ ಬಿಡಿಸುತ್ತೇವೆಂದು ಕೋಣೆಯಲ್ಲಿ ಕೂಡಿಹಾಕುವುದು ಅಪಾಯಕರ, ಏಕೆಂದರೆ ದಿನವೂ ಕುಡಿಯುತ್ತಿದ್ದವನು ಅಥವಾ ನಿದ್ರೆಮಾತ್ರೆ ನುಂಗುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರುವುದುಂಟು. ಆಸ್ಪತ್ರೆಗೆ ತಂದೆತಾಯಿ ಇಬ್ಬರೂ ಜೊತೆಗೆ ಹೋಗಿ. ವೈದ್ಯರು ಹುಡುಗನೊಡನೆ ಪ್ರತ್ಯೇಕವಾಗಿ ಮಾತನಾಡಬೇಕೆಂದರೆ ಎದ್ದು ಹೊರಗಿನ ಬೆಂಚಿನ ಮೇಲೆ ಕುಳಿತಿರಿ, ಒಳಗೆ ಏನು ಹೇಳಿದೆಯೆಂದು ದಾರಿಯಲ್ಲಿ ಕೆದಕಬೇಡಿ.