ಬಾಹ್ಯಾಕಾಶದಲ್ಲಿ ಸರಕು ನೌಕೆಯನ್ನು ತೋಳು ಚಾಚಿ ಹಿಡಿಯುವುದು ಹೇಗೆ?

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೆನಡಾರ್ಮ್-2 ಎಂಬ ರೋಬೋ ತೋಳಿದೆ. 17 ಮೀಟರಿಗಿಂತ ಜಾಸ್ತಿ ಉದ್ದ, ಏಳು ಕೀಲು. 2001ರಿಂದ ದುಡಿಯುತ್ತಿದೆ. ಅದನ್ನು ಒಳಗಿಂದ ಆಡಿಸುವ ಜಾಗಕ್ಕೆ ರೋಬೋಟಿಕ್ ವರ್ಕ್‌ಸ್ಟೇಷನ್ ಅಂತಾರೆ. ಅಂಥವು ಎರಡಿವೆ. ಒಂದು ಡೆಸ್ಟಿನಿ ಪ್ರಯೋಗಾಲಯದಲ್ಲಿ, ಇನ್ನೊಂದು ಏಳು ಕಿಟಕಿಗಳ ಕ್ಯುಪೋಲಾದಲ್ಲಿ. ಒಂದು ಕೈಕೊಟ್ಟರೆ ಇನ್ನೊಂದು ಸಿದ್ಧವಾಗಿರುತ್ತದೆ.

ಮೊದಲ ಕೆಲಸ ಕಾಲಿನದು! ಪಾದಗಳನ್ನು ಗಟ್ಟಿಯಾಗಿ ಸಿಕ್ಕಿಸಿಕೊಳ್ಳಬೇಕು. ಇಲ್ಲದಿದ್ದರೆ ತೋಳನ್ನು ಆಡಿಸುವ ಕೋಲನ್ನು (ಜಾಯ್‌ಸ್ಟಿಕ್) ಮುಂದಕ್ಕೆ ತಳ್ಳಿದಾಗ ನೀವೇ ಹಿಂದಕ್ಕೆ ತೇಲುತ್ತೀರಿ.

ಆಮೇಲೆ ಕ್ಯಾಮೆರಾಗಳನ್ನು ಆರಿಸಿಕೊಳ್ಳಬೇಕು. ಎದುರಿಗೆ ಮೂರು ವಿಡಿಯೋ ಪರದೆ, ಪಕ್ಕದಲ್ಲಿ ಕೀಲುಗಳ ಲೆಕ್ಕ ತೋರಿಸುವ ಲ್ಯಾಪ್‌ಟಾಪ್. ಕಿಟಕಿ ಇದ್ದರೂ ಕಣ್ಣು ಹೆಚ್ಚಾಗಿ ಪರದೆಯ ಮೇಲೇ ಇರುತ್ತದೆ.

ಇನ್ನು ಕೋಲುಗಳು. ಎಡಗೈಯದು ತೋಳಿನ ತುದಿಯನ್ನು ಹಿಂದೆ ಮುಂದೆ, ಮೇಲೆ ಕೆಳಗೆ, ಆಚೆ ಈಚೆ ಸರಿಸುತ್ತದೆ. ಬಲಗೈಯದು ತುದಿಯನ್ನು ಓರೆ ಮಾಡುತ್ತದೆ, ತಿರುಗಿಸುತ್ತದೆ. ಯಾವ ಕೀಲು ಎಷ್ಟು ಬಾಗಬೇಕು ಅನ್ನೋ ಲೆಕ್ಕ ಕಂಪ್ಯೂಟರಿನದು. ಕೋಲನ್ನು ಎಷ್ಟು ಬಗ್ಗಿಸುತ್ತೀರೋ ಅಷ್ಟು ವೇಗ. ಬಿಟ್ಟರೆ ಕೋಲು ನಡುವಿಗೆ ಬರುತ್ತದೆ, ತೋಳು ನಿಧಾನವಾಗಿ ನಿಲ್ಲುತ್ತದೆ.

ವಿಡಿಯೋ ಗೇಮ್ ಥರಾನೇ ಅಲ್ವಾ ಅನ್ನಿಸಬಹುದು. ಕೈಯ ಮಟ್ಟಿಗೆ ಹೌದು, ತಲೆಗೆ ಅಲ್ಲ. ಯಾವುದು ಎಡ, ಯಾವುದು ಮೇಲೆ ಎಂಬುದೇ ಇಲ್ಲಿ ದೊಡ್ಡ ತಲೆನೋವು. ತೋಳಿನ ತುದಿಯ ಕ್ಯಾಮೆರಾದಲ್ಲಿ ಎಡಕ್ಕೆ ಕಂಡದ್ದು ಮೊಣಕೈ ಬಳಿಯ ಕ್ಯಾಮೆರಾದಲ್ಲಿ ಬಲಕ್ಕೆ ಕಾಣಬಹುದು. ಕೋಲಿನ "ಮುಂದೆ" ಅಂದರೆ ತುದಿಯ ಮುಂದೋ, ನಿಲ್ದಾಣದ ಮುಂದೋ? ಅದನ್ನು ಮೊದಲೇ ಆರಿಸಿಡಬೇಕು. ತಪ್ಪಿದರೆ ತೋಳು ಸೀದಾ ಉಲ್ಟಾ ಹೋಗುತ್ತದೆ. ಕೆನಡಾದ ಸೇಂಟ್-ಹ್ಯೂಬರ್ಟ್‌ನಲ್ಲಿ ಕೊಡುವ ತರಬೇತಿಯಲ್ಲಿ ಬೆವರಿಳಿಸುವುದು ಇದೇ ಇರಬೇಕು ಅಂತ ನನ್ನ ಊಹೆ.

ಈಗ ಹಿಡಿಯುವ ಹೊತ್ತು. ಸಿಗ್ನಸ್‌ನಂಥ ಸರಕು ನೌಕೆ ಸುಮಾರು 10 ಮೀಟರ್ ದೂರದಲ್ಲಿ ಬಂದು ನಿಲ್ಲುತ್ತದೆ. ನೌಕೆ, ನಿಲ್ದಾಣ ಎರಡೂ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತವೆ. ಪರದೆಯಲ್ಲಿ ಮಾತ್ರ ಅಲುಗಾಡದೆ ನಿಂತ ಹಾಗೆ ಕಾಣುತ್ತದೆ. ನೌಕೆಯ ಪುಟ್ಟ ಎಂಜಿನ್‌ಗಳನ್ನು ತಡೆಹಿಡಿಯಬೇಕು. ತೋಳು ತಾಗಿದ ಹೊತ್ತಿಗೇ ಅವು ಉರಿದರೆ ಎರಡೂ ಜಗ್ಗಾಡಲು ಶುರು. ಪಕ್ಕದಲ್ಲಿರುವ ಜೊತೆಗಾರರು ಒಂದೊಂದೇ ಹಂತ ಓದಿ ಹೇಳುತ್ತಾರೆ, ದೂರ ಎಷ್ಟು ಅಂತ ಕೂಗುತ್ತಾರೆ.

ನೌಕೆಯ ಮೈಮೇಲೆ ಒಂದು ಗೂಟ ಇದೆ, ಅದರ ಹತ್ತಿರವೇ ಒಂದು ಗುರಿ ಫಲಕ. ಫಲಕದಿಂದ ಚಾಚಿದ ಕಡ್ಡಿಯ ತುದಿ ಸರಿಯಾಗಿ ನಡುವೆ ಕಾಣುವ ಹಾಗೆ ಮುಂದೆ ಸಾಗಬೇಕು. ಕಡ್ಡಿ ಪಕ್ಕಕ್ಕೆ ಜರುಗಿದರೆ ನೀವು ಓರೆಯಾಗಿದ್ದೀರಿ ಎಂದರ್ಥ. ಸುಮ್ನೆ ಗಾಬರಿಯಿಂದ ಕೋಲು ಎಳೆಯಬಾರದು. ಚೂರೇ ಚೂರು ಸರಿಪಡಿಸಬೇಕು.

ಗೂಟ ತೋಳಿನ ಬಾಯೊಳಗೆ ಬಂದ ಮೇಲೆ ಬಲಗೈ ಕೋಲಿನ ಟ್ರಿಗರ್ ಒತ್ತಿದರಾಯಿತು. ಒಳಗಿನ ಮೂರು ತಂತಿಗಳು ಗೂಟದ ಸುತ್ತ ಕುಣಿಕೆ ಬಿಗಿಯುತ್ತವೆ, ಒಳಕ್ಕೆ ಎಳೆದುಕೊಳ್ಳುತ್ತವೆ. ಅಲ್ಲಿಂದ ನೌಕೆಯನ್ನು ನಿಲ್ದಾಣದ ಬಾಗಿಲಿಗೆ ತಂದು ಕೂರಿಸುವ ಕೆಲಸವನ್ನು ಹೆಚ್ಚಾಗಿ ಭೂಮಿಯ ಮೇಲಿನ ತಂಡವೇ ವಹಿಸಿಕೊಳ್ಳುತ್ತದೆ.