‘ಲೆಟ್’ ಎಂದರೆ ಬಿಡುವುದಲ್ಲ

ನಮ್ಮ ಹವ್ಯಾಸಿ ತಂಡಕ್ಕಾಗಿ ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಕನ್ನಡಕ್ಕೆ ತರಲು ಕುಳಿತಾಗ ಅಪರಿಚಿತ ಪದಗಳು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ‘ಫಾರ್ಡೆಲ್’, ‘ಬಾಡ್ಕಿನ್’ ಎಂದು ಕಂಡರೆ ಯಾರಾದರೂ ನಿಘಂಟು ತೆರೆಯುತ್ತಾರೆ. ಒಂದು ಹೊರೆ, ಇನ್ನೊಂದು ಚೂರಿ, ಅಲ್ಲಿಗೆ ಮುಗಿಯಿತು. ಕಾಟವೆಲ್ಲ ದಿನಬಳಕೆಯ ಪದಗಳದ್ದು.

ಮೊದಲ ಅಂಕದಲ್ಲಿ ಪ್ರೇತದ ಹಿಂದೆ ಹೊರಟ ರಾಜಕುಮಾರನನ್ನು ಜೊತೆಗಾರರು ಹಿಡಿದು ನಿಲ್ಲಿಸುತ್ತಾರೆ. ನನ್ನನ್ನು ‘ಲೆಟ್’ ಮಾಡುವವನನ್ನೇ ಪ್ರೇತವಾಗಿಸುತ್ತೇನೆ ಎಂದು ಅವನು ಗುಡುಗುತ್ತಾನೆ. ಇಂದಿನ ಅರ್ಥ ಹಚ್ಚಿದರೆ, ಬಿಟ್ಟವನನ್ನೇ ಕೊಲ್ಲುತ್ತೇನೆ ಎಂದಾಗುತ್ತದೆ! ಅಡ್ಡಿಪಡಿಸು ಎಂಬ ಅರ್ಥದ ಬೇರೊಂದು ‘ಲೆಟ್’ ಆಗ ಇತ್ತು. ಅದರ ಕುರುಹು ನಮ್ಮ ಪಾಸ್‌ಪೋರ್ಟಿನಲ್ಲಿಯೇ ಉಳಿದಿದೆ: ರಾಷ್ಟ್ರಪತಿಗಳ ಹೆಸರಿನ ಕೋರಿಕೆಯಲ್ಲಿ ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಎಂದಿರುವುದು ಇದೇ ‘ಲೆಟ್’.

ಹೀಗಾಗಿ ಪರಿಚಿತ ಪದ ಇದ್ದಲ್ಲೇ ಹೆಚ್ಚು ಅನುಮಾನಪಡುವುದನ್ನು ರೂಢಿಸಿಕೊಂಡೆ. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಪ್ರತಿ ಅರ್ಥಕ್ಕೂ ಇಸವಿ ಸಹಿತ ಉದಾಹರಣೆ ಕೊಡುತ್ತದೆ. ಅರ್ಥ ಓದುವ ಮೊದಲು ಇಸವಿ ನೋಡುತ್ತೇನೆ. ನಾಟಕ ಹುಟ್ಟಿದ 1600ರ ಆಸುಪಾಸಿನದಲ್ಲದಿದ್ದರೆ ಮುಂದೆ ಸಾಗುತ್ತೇನೆ. ಆಮೇಲೆ ಅದೇ ಪದ ಶೇಕ್ಸ್‌ಪಿಯರನ ಬೇರೆ ನಾಟಕಗಳಲ್ಲಿ ಹೇಗೆ ಬಂದಿದೆ ಎಂದು ಹುಡುಕುತ್ತೇನೆ. ಇಂದು ‘ಸದ್ಯಕ್ಕೆ’ ಎಂದೋ ‘ಸ್ವಲ್ಪ ಹೊತ್ತಿನಲ್ಲಿ’ ಎಂದೋ ಓದುವ ‘ಪ್ರೆಸೆಂಟ್ಲಿ’ ಅಲ್ಲಿ ಸಾಮಾನ್ಯವಾಗಿ ‘ಕೂಡಲೇ’ ಎಂಬುದು ಖಚಿತವಾದದ್ದು ಹೀಗೆ.

ನಿಜವಾದ ಖುಷಿ ಸಿಕ್ಕಿದ್ದು ‘ದೌ’, ‘ಯೂ’ಗಳಲ್ಲಿ. ಇಂದಿನ ಇಂಗ್ಲಿಷ್ ಕಳೆದುಕೊಂಡ ಈ ಭೇದ ನಮಗೆ ನೀನು, ನೀವು ಎಂದು ಬಾಯಲ್ಲೇ ಇದೆ. ಮೂರನೆಯ ಅಂಕದಲ್ಲಿ ತಾಯಿ ಮಗನನ್ನು ‘ದೌ’ ಎಂದೇ ಗದರುತ್ತಾಳೆ. ಮಗ ಅವಳ ಮಾತನ್ನೇ ‘ಯೂ’ ಹಾಕಿ ಹಿಂದಿರುಗಿಸುತ್ತಾನೆ. ತಕ್ಷಣ ಅವಳೂ ‘ಯೂ’ಗೆ ಹೊರಳುತ್ತಾಳೆ. ಸಿಟ್ಟು ಬಂದ ತಾಯಿ ಮಗನಿಗೆ ಬಹುವಚನ ಹಚ್ಚುವುದನ್ನು ಕೇಳದ ಕನ್ನಡದ ಮನೆ ಯಾವುದಿದೆ?

“ನೀನು ನಿನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದ್ದೀಯೆ.”

“ಅಮ್ಮಾ, ನೀವು ನನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದ್ದೀರಿ.”

“ಸಾಕು ಸಾಕು, ತಾವು ಹುರುಳಿಲ್ಲದ ಉತ್ತರ ಕೊಡುತ್ತಿದ್ದೀರಿ.”

‘ನೀವು’ಗಿಂತ ‘ತಾವು’ ಹೆಚ್ಚು ಚುಚ್ಚುತ್ತದೆಂದು ಅದನ್ನೇ ಉಳಿಸಿದೆ. ಕೆಲವೇ ಸಾಲುಗಳ ನಂತರ ಮಗ ಅವಳನ್ನು ಹಿಡಿದು ಕೂರಿಸಿದಾಗ, ಹೆದರಿದ ರಾಣಿಯ ಬಾಯಲ್ಲಿ ಮತ್ತೆ ‘ದೌ’ ಬರುತ್ತದೆ: “ಏನು ಮಾಡುತ್ತೀಯೆ ನೀನು? ನನ್ನನ್ನು ಕೊಲ್ಲುವುದಿಲ್ಲ ತಾನೇ?”