ನಾನ್-ಸಾಲಿಸಿಟ್ ಷರತ್ತನ್ನು ಚಿಕ್ಕದು ಮಾಡಿದೆ, ಆಮೇಲೆ ಅದು ಗಟ್ಟಿಯಾಗಿ ನಿಂತಿತು

ನಾನ್-ಸಾಲಿಸಿಟ್ ಅಂದರೆ ಕೆಲಸ ಬಿಟ್ಟವರು ಹಳೆಯ ಕಂಪನಿಯ ಗಿರಾಕಿಗಳನ್ನೋ ನೌಕರರನ್ನೋ ಸೆಳೆಯಬಾರದು ಅನ್ನುವ ಷರತ್ತು. ಅದರ ಹಳೆಯ ರೂಪ ನಿಮಗೆಲ್ಲ ಬಾಯಿಪಾಠ ಇರುತ್ತದೆ. ಕೆಲಸ ಬಿಟ್ಟ ಮೇಲೆ ಎರಡು ಮೂರು ವರ್ಷ ಕಂಪನಿಯ ಯಾವ ಗಿರಾಕಿಯ ಜೊತೆಗೂ ವ್ಯವಹಾರ ಮಾಡಕೂಡದು, ಯಾವ ನೌಕರರನ್ನೂ ಸೆಳೆಯಕೂಡದು. ನಾನು ಎಚ್‌ಆರ್ ಕರಾರುಗಳ ಕೆಲಸಕ್ಕೆ ಬಂದಾಗ ನಮ್ಮಲ್ಲೂ ಅದೇ ಇತ್ತು. ಅದನ್ನು ನಂಬಿ ಕಂಪನಿ ಎರಡು ಸಲ ನೋಟಿಸ್ ಕಳಿಸಿತ್ತು. ಮೊದಲನೆಯದಕ್ಕೆ ಉತ್ತರವೇ ಬರಲಿಲ್ಲ. ಎರಡನೆಯದಕ್ಕೆ ಎದುರು ವಕೀಲರು ಒಂದೇ ಪುಟ ಬರೆದರು: ಇದು ಹೆಸರಿಗೆ ನಾನ್-ಸಾಲಿಸಿಟ್, ಒಳಗೆ ನಾನ್-ಕಂಪೀಟ್ (ಪೈಪೋಟಿಗೇ ಇಳಿಯದಂತೆ ತಡೆಯುವುದು), ವೃತ್ತಿ-ವ್ಯಾಪಾರ ತಡೆಯುವ ಕರಾರು ಅಸಿಂಧು ಅನ್ನುವ ಕರಾರು ಕಾಯ್ದೆಯ ಕಲಂ 27ರ ಮುಂದೆ ನಿಲ್ಲುವುದಿಲ್ಲ. ಅವರ ಮಾತಿನಲ್ಲಿ ಹುರುಳಿತ್ತು. ಅಷ್ಟರಲ್ಲಿ ಫೀಸಿಗೆ ಹೋಗಿದ್ದು, ನೆನಪಿದ್ದ ಹಾಗೆ, ಒಬ್ಬ ಮ್ಯಾನೇಜರ್‌ನ ಮೂರು ನಾಲ್ಕು ತಿಂಗಳ ಸಂಬಳದಷ್ಟು. ಗಿರಾಕಿ ಹೋಗಿದ್ದು ಬೇರೆ.

ನಾನು ಷರತ್ತನ್ನು ಕತ್ತರಿಸುತ್ತಾ ಬಂದೆ. ಅವಧಿ 12 ತಿಂಗಳಿಗೆ ಇಳಿಯಿತು. ಎಲ್ಲ ಗಿರಾಕಿಗಳಲ್ಲ, ಕೊನೆಯ ಒಂದು ವರ್ಷದಲ್ಲಿ ಆ ನೌಕರ ಖುದ್ದಾಗಿ ನೋಡಿಕೊಂಡವರು ಮಾತ್ರ. ತಾನಾಗಿ ಮೊದಲು ಹೋಗಿ ಕರೆಯಕೂಡದು, ಅಷ್ಟೇ. ಗಿರಾಕಿ ತಾನೇ ಹುಡುಕಿಕೊಂಡು ಬಂದರೆ ತಡೆಯಿಲ್ಲ.

ಸೇಲ್ಸ್ ಮುಖ್ಯಸ್ಥರು ಕೆಂಡವಾದರು. 'ಇದ್ದ ಬೇಲಿಯನ್ನೂ ನೀವೇ ಕಿತ್ತು ಹಾಕ್ತಿದ್ದೀರಿ' ಅಂದರು. ನಮ್ಮ ವಕೀಲರೂ ತಲೆ ಆಡಿಸಲಿಲ್ಲ. ನನ್ನ ಧೈರ್ಯಕ್ಕೆ ಇದ್ದದ್ದು ದೆಹಲಿ ಹೈಕೋರ್ಟಿನ 2009ರ ಡೆಸಿಕೆಂಟ್ ರೋಟರ್ಸ್ ತೀರ್ಪು. ಪ್ರತಿಸ್ಪರ್ಧಿ ಕಂಪನಿ ಸೇರುವುದನ್ನು ಕೋರ್ಟ್ ತಡೆಯಲಿಲ್ಲ, ಆದರೆ ಹಳೆಯ ಗಿರಾಕಿಗಳ ಹತ್ತಿರ ಹೋಗಿ ವ್ಯಾಪಾರ ಕೇಳುವುದನ್ನು ತಡೆಯಿತು. ನಮಗೆ ಬೇಕಿದ್ದದ್ದೂ ಅಷ್ಟೇ ಅಲ್ವಾ?

ನಿಜವಾದ ಕೆಲಸ ಆಗಿದ್ದು ಎಕ್ಸಿಟ್ ಮೀಟಿಂಗ್‌ನಲ್ಲಿ. ಹೊರಡುವವರ ಮುಂದೆ ಒಂದು ಹಾಳೆ ಇಡುತ್ತೇನೆ. ಗಿರಾಕಿಯ ಹೆಸರು, ಅಲ್ಲಿ ಯಾರ ಜೊತೆ ಮಾತು, ಕೊನೆಯ ಸಲ ಯಾವಾಗ. ಹತ್ತು ಹನ್ನೆರಡು ಹೆಸರಿಗಿಂತ ಜಾಸ್ತಿ ಇರುವುದಿಲ್ಲ. ಒಪ್ಪದ ಹೆಸರನ್ನು ಅವರೇ ಪೆನ್ನಿನಲ್ಲಿ ಹೊಡೆದು ಹಾಕಬಹುದು. ಹೊಡೆದು ಹಾಕಿದವರೇ ಉಳಿದ ಹೆಸರುಗಳನ್ನು ಗಟ್ಟಿಯಾಗಿ ಒಪ್ಪಿಕೊಂಡಂತಾಗುತ್ತದೆ. ಈ ಪಟ್ಟಿಯನ್ನು ಯಾವ ದಾಖಲೆಯಿಂದ ತೆಗೆಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಪರೀಕ್ಷೆ ಬಂದಿದ್ದು ಹೊಸ ಷರತ್ತು ಹಾಕಿ ಸುಮಾರು ಒಂದೂವರೆ ವರ್ಷದ ನಂತರ. ಕೆಲಸ ಬಿಟ್ಟ ಅಕೌಂಟ್ ಮ್ಯಾನೇಜರ್ ಒಬ್ಬರು ಪಟ್ಟಿಯಲ್ಲಿದ್ದ ಗಿರಾಕಿಗೆ ಮೇಲ್ ಹಾಕಿದರು: ರಿನ್ಯೂಯಲ್‌ಗೆ ಮುಂಚೆ ನಮ್ಮ ರೇಟ್ ನೋಡಿ. ಗಿರಾಕಿಯೇ ಅದನ್ನು ನಮಗೆ ಕಳಿಸಿದ. ನಾವು ಕಳಿಸಿದ್ದು ಎರಡು ಪುಟದ ಪತ್ರ, ಜೊತೆಗೆ ಸಹಿಯಾದ ಪಟ್ಟಿ, ಆ ಮೇಲ್. ಹೊಸ ಕಂಪನಿಯೇ ವಾರದೊಳಗೆ ಅವರನ್ನು ಆ ಗಿರಾಕಿಯಿಂದ ದೂರ ಇಟ್ಟಿತು, ಲಿಖಿತ ಮುಚ್ಚಳಿಕೆಯೂ ಬಂತು. ಕೋರ್ಟ್ ಮೆಟ್ಟಿಲು ಹತ್ತಲಿಲ್ಲ. ಖರ್ಚು ಹಿಂದಿನದರ ಹತ್ತರಲ್ಲಿ ಒಂದು ಭಾಗವೂ ಆಗಲಿಲ್ಲ. ಸೇಲ್ಸ್‌ನವರು ಈಗ ಯಾರು ರಾಜೀನಾಮೆ ಕೊಟ್ಟರೂ ಮೊದಲು ಆ ಹಾಳೆ ಕೇಳುತ್ತಾರೆ.

ನೌಕರರನ್ನು ಸೆಳೆಯುವ ಭಾಗ ಇಷ್ಟು ಸಲೀಸಲ್ಲ. ಅದನ್ನು ಅವರ ಸ್ವಂತ ತಂಡಕ್ಕೆ ಸೀಮಿತ ಮಾಡಿದ್ದೇನೆ. ಸಾರ್ವಜನಿಕ ಜಾಹೀರಾತು ಸೆಳೆದಂತೆ ಆಗುತ್ತದೋ ಇಲ್ಲವೋ ಅನ್ನುವುದನ್ನು ಕರಾರಿನಲ್ಲೇ ಬರೆದುಬಿಡಿ. 2006ರ ವಿಪ್ರೋ–ಬೆಕ್ಮನ್ ಕೌಲ್ಟರ್ ಪ್ರಕರಣದಲ್ಲಿ ಜಗಳ ಹತ್ತಿದ್ದೇ ಒಂದು ಜಾಹೀರಾತಿನಿಂದ. ಅದು ಎರಡು ಕಂಪನಿಗಳ ನಡುವಿನ ಷರತ್ತು, ಆದರೂ ಪಾಠ ನಮಗೂ ಹೊಂದುತ್ತದೆ.

ಉಲ್ಲಂಘಿಸಿದರೆ ಆರು ತಿಂಗಳ ಸಂಬಳ ಕೊಡಬೇಕು ಅಂತಲೂ ಒಮ್ಮೆ ಸೇರಿಸಿ ನೋಡಿದೆ. ಅದೇ ಕರಾರು ಕಾಯ್ದೆಯ ಕಲಂ 74ರ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ಎಷ್ಟು ನ್ಯಾಯವೋ ಅಷ್ಟೇ ಸಿಗುವುದು. ಸಿಗುವುದು ಖಾತ್ರಿಯಿಲ್ಲದ ಆ ಸಾಲನ್ನು ನೋಡಿ ಒಳ್ಳೆಯ ಅಭ್ಯರ್ಥಿಗಳು ಹಿಂದೆ ಸರಿಯತೊಡಗಿದರು. ಎರಡು ತ್ರೈಮಾಸಿಕದೊಳಗೆ ತೆಗೆದು ಹಾಕಿದೆ. ಈಗ ಅದರ ಬದಲು ಹಿರಿಯರಿಗೆ ನೋಟಿಸ್ ಅವಧಿಯಲ್ಲಿ ಪೂರ್ತಿ ಸಂಬಳದ ಗಾರ್ಡನ್ ಲೀವ್ (ನೌಕರಿಯಲ್ಲಿದ್ದೂ ಕೆಲಸದಿಂದ ದೂರ ಇರುವ ರಜೆ) ಕೊಟ್ಟು, ಅಷ್ಟರಲ್ಲಿ ಗಿರಾಕಿಯನ್ನು ಹೊಸಬರಿಗೆ ಪರಿಚಯ ಮಾಡಿಸುತ್ತೇವೆ. ದುಬಾರಿ ಹೌದು, ಆದರೆ ಒಬ್ಬ ಗಿರಾಕಿ ಉಳಿದರೂ ಆ ಸಂಬಳ ವಾಪಸ್ ಬರುತ್ತದೆ.